ಇನ್ಸುಲಿನ್ ಹುಡುಕಿದ ಭಾನುವಾರ

ಮಗಳಿಗೆ ಎಂಟು ವರ್ಷವಿದ್ದಾಗ ಅವಳಿಗೆ ಟೈಪ್ ಒನ್ ಡಯಾಬಿಟಿಸ್ ಇದೆಯೆಂದು ಗೊತ್ತಾಯಿತು. ಅವಳ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿತ್ತು. ಹೊರಗಿನಿಂದ ಕೊಡದೇ ಹೋದರೆ ಒಂದೆರಡು ದಿನ ಕಳೆಯುವುದೂ ಕಷ್ಟ ಎಂದರು ಡಾಕ್ಟರು. ಅಂದಿನಿಂದ ಅವಳ ಸೊಂಟದಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪಂಪು, ತೋಳಿನಲ್ಲಿ ನಾಣ್ಯದಗಲದ ಸೆನ್ಸರು. ಪಂಪು ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಒಳಗೆ ಬಿಡುತ್ತದೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಸೆನ್ಸರು ಐದೈದು ನಿಮಿಷಕ್ಕೊಮ್ಮೆ ಅವಳ ಫೋನಿಗೆ ಹೇಳುತ್ತದೆ. ಅಲ್ಲಿಂದ ಅದೇ ಸಂಖ್ಯೆ ನೆಟ್‌ವರ್ಕಿನ ಮೂಲಕ ನನ್ನ ಫೋನಿಗೂ ನನ್ನ ಗಂಡನ ಫೋನಿಗೂ ಬರುತ್ತದೆ.

ನಾನು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಬೆರ್ರಿಯೆಸಾದ ಒಂದು ಡೇಕೇರಿನಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದ ಮಕ್ಕಳ ಮೂಗು ಒರೆಸುತ್ತಾ, ಏಪ್ರನ್ನಿನ ಜೇಬಿನ ಫೋನನ್ನು ಗಂಟೆಗೆ ಹತ್ತು ಸಲವಾದರೂ ತೆಗೆದು ನೋಡುತ್ತಿದ್ದೆ. ಗಂಡ ಲಾಸ್ ಗ್ಯಾಟೋಸ್ ಕಡೆಯ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದರೂ ಸಂಖ್ಯೆ ಇಳಿಯಿತೆಂದರೆ ಎದ್ದು ಹೊರಗೆ ಬಂದು ಶಾಲೆಗೆ ಫೋನ್ ಮಾಡುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಾಸಿಗೆಯ ಪಕ್ಕ, ಸೋಫಾದ ಪಕ್ಕ, ಬಾಗಿಲ ಬಳಿ, ಕಾರಿನಲ್ಲಿ, ಎಲ್ಲ ಕಡೆ, ಸಕ್ಕರೆ ಇಳಿದರೆ ತಕ್ಷಣ ಕುಡಿಸಲು, ಜ್ಯೂಸಿನ ಪೊಟ್ಟಣಗಳು. ಶಾಲೆಯಿಂದ ಬಂದ ಮಗಳನ್ನು ನಾನು ಮೊದಲು ಕೇಳುತ್ತಿದ್ದದ್ದು ಊಟದ ಬಗ್ಗೆಯೂ ಅಲ್ಲ, ಗೆಳತಿಯರ ಬಗ್ಗೆಯೂ ಅಲ್ಲ. "ಎಷ್ಟಿದೆ?" ಅಷ್ಟೇ. ಅವಳು ಶೂ ಬಿಚ್ಚುವ ಮೊದಲೇ "ಒನ್ ಟ್ವೆಂಟಿ, ಅಮ್ಮ" ಎಂದು ಹೇಳಿ ಮುಗಿಸುತ್ತಿದ್ದಳು.

ಡೇಕೇರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳಿದ್ದಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು. ಬೆಲೀಜ್ ದೇಶದ ದಕ್ಷಿಣದ ತುದಿಯಲ್ಲಿ, ಕೆರಿಬಿಯನ್ ಸಮುದ್ರದ ದಂಡೆಯ ಮೇಲೆ ಅವಳ ಊರು. ಅವಳದು ಗರೀಫುನಾ ಜನ. ಆಫ್ರಿಕಾದವರೂ ಆ ಸಮುದ್ರದ ದ್ವೀಪಗಳ ಮೂಲನಿವಾಸಿಗಳೂ ಬೆರೆತು ಆದವರು. ತನ್ನ ತಾಯಿಗೆ ಎಂಬತ್ತು ತುಂಬುತ್ತದೆ, ಏಪ್ರಿಲಿನ ರಜೆಯಲ್ಲಿ ಮಗಳನ್ನು ಕರೆದುಕೊಂಡು ಬಾ ಎಂದು ಅವಳು ಒಂದು ದಿನ ಕರೆದಳು.

"ನಮ್ಮೂರಲ್ಲಿ ನಿಮ್ಮವರೂ ಇದ್ದಾರೆ" ಎಂದಳು.

"ನಮ್ಮವರು ಅಂದ್ರೆ?"

"ಇಂಡಿಯಾದವರು. ಅಜ್ಜನ ಅಜ್ಜನ ಕಾಲದಲ್ಲಿ ಕಬ್ಬಿನ ಗದ್ದೆಯ ಕೂಲಿಗೆ ಅಂತ ಹಡಗಲ್ಲಿ ಬಂದವರು. ಚೀನಾದವರಿದ್ದಾರೆ, ಮಾಯಾ ಜನ ಇದ್ದಾರೆ, ಸ್ಪ್ಯಾನಿಶ್ ಮಾತಾಡೋರಿದ್ದಾರೆ. ಊರು ಇಷ್ಟೇ ಇಷ್ಟು. ಈ ತುದಿಯಲ್ಲಿ ನಿಂತು ಕೂಗಿದ್ರೆ ಆ ತುದಿಗೆ ಕೇಳ್ಸುತ್ತೆ."

ನಾನು ಮಂಡ್ಯದವಳು. ಕಬ್ಬಿನ ಗದ್ದೆಯ ಮಾತು ಬಂದರೆ ಕಿವಿ ಅತ್ತ ಹೋಗುತ್ತದೆ. ಆದರೂ ಮನೆಗೆ ಬಂದು ಗಂಡನ ಹತ್ತಿರ ಹೇಳುವಾಗ ಆಗುವುದಿಲ್ಲ ಎಂದೇ ನಿರ್ಧರಿಸಿಕೊಂಡು ಹೇಳಿದೆ.

"ಅಲ್ಲಿ ಏನಾದ್ರೂ ಆದ್ರೆ ಯಾವ ಆಸ್ಪತ್ರೆ? ಯಾರಿದ್ದಾರೆ?" ಎಂದರು ಅವರು. ನನಗೂ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸು ಇದೆ, ಬರೋಕಾಗಲ್ಲ ಎಂದೂ ಸೇರಿಸಿದರು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಮಗಳು ಊಟದ ಮೇಜಿನ ಮುಂದೆ ಕೂತು ಕೇಳಿಸಿಕೊಂಡಿದ್ದಳು. ಸಾಮಾನ್ಯವಾಗಿ ನಾವು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವಳು. ಅಂದು ಮಾತ್ರ ಕನ್ನಡದಲ್ಲಿ ಕೇಳಿದಳು.

"ನನ್ನಿಂದಾನೇ ಅಲ್ವಾ ನಾವು ಎಲ್ಲೂ ಹೋಗದೇ ಇರೋದು?"

ಎರಡು ವಾರದ ನಂತರ ಟಿಕೆಟ್ಟು ತೆಗೆದೆವು.

ಕ್ಲಿನಿಕ್ಕಿನ ನರ್ಸು ಪಟ್ಟಿ ಬರೆದು ಕೊಟ್ಟಳು. ಬೇಕಾದದ್ದಕ್ಕಿಂತ ಎರಡು ಪಟ್ಟು ಇನ್ಸುಲಿನ್ ಒಯ್ಯಿರಿ, ಎಲ್ಲವನ್ನೂ ಒಂದೇ ಕಡೆ ಇಡಬೇಡಿ, ಬಿಸಿಲು ತಾಗಬಾರದು, ಹೆಪ್ಪುಗಟ್ಟಲೂಬಾರದು. ಅದರಲ್ಲಿ ನನ್ನ ತಲೆಯಲ್ಲಿ ನಿಂತದ್ದು ಬಿಸಿಲೊಂದೇ. ಉಷ್ಣವಲಯದ ಸಮುದ್ರತೀರ, ಎಂಥ ಸೆಖೆ ಇರಬಹುದು ಎಂಬ ಚಿಂತೆಯಲ್ಲೇ ನಾನು ಎರಡು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಔಷಧಿ ತಂಪಾಗಿಡುವ ಚೀಲಗಳನ್ನು ಎರಡು ಕೊಂಡೆ. ವಿಮಾನದಲ್ಲಿ ಒಂದನ್ನು ನನ್ನ ಮಡಿಲಲ್ಲಿ, ಇನ್ನೊಂದನ್ನು ಅವಳ ಮಡಿಲಲ್ಲಿ ಇಟ್ಟುಕೊಂಡು ಕೂತೆವು.

ಕೊನೆಯ ತುಂಡು ಪ್ರಯಾಣ ಹನ್ನೆರಡು ಜನ ಹಿಡಿಸುವ ಪುಟ್ಟ ವಿಮಾನದಲ್ಲಿ. ಕೆಳಗೆ ಕಾಡು, ಕಂದು ಬಣ್ಣದ ನದಿಗಳು, ಮತ್ತೆ ಕಾಡು. ವಿಮಾನ ಕುಲುಕಿದಾಗಲೆಲ್ಲ ಮಗಳು ನಗುತ್ತಿದ್ದಳು. ನಾನು ಎದುರಿನ ಸೀಟಿನ ಬೆನ್ನನ್ನು ಹಿಡಿದುಕೊಂಡು, ಈ ಕಾಡಿನ ನಡುವೆ ಎಷ್ಟು ಆಸ್ಪತ್ರೆಗಳಿವೆ ಎಂದು ಲೆಕ್ಕ ಹಾಕುತ್ತಿದ್ದೆ.

ಮೊದಲೇ ಊರು ಸೇರಿದ್ದ ಗೆಳತಿ ವಿಮಾನದ ಬಳಿಗೇ ಬಂದಿದ್ದಳು. ಅವಳ ತಾಯಿಯ ಮನೆ ಸಮುದ್ರಕ್ಕೆ ಎದುರಾಗಿ, ಮರದ ಕಂಬಗಳ ಮೇಲೆ ನಿಂತಿತ್ತು. ಅಜ್ಜಿ ವರಾಂಡದಲ್ಲಿ ಕೂತು ಮರಗೆಣಸಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಮಗಳ ಕೈಗೆ ಒಂದು ತುಂಡು ಕೊಟ್ಟು ಅವಳ ತೋಳಿನ ಸೆನ್ಸರನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನೋಯುತ್ತಾ?"

"ನಾಟ್ ರಿಯಲೀ" ಎಂದಳು ಮಗಳು.

ನಾನು ಚೀಲ ಇಟ್ಟವಳೇ ಫ್ರಿಜ್ಜು ಎಲ್ಲಿ ಎಂದು ಕೇಳಿದೆ. ಅಡುಗೆಮನೆಯಲ್ಲಿ ಹಳೆಯ ಫ್ರಿಜ್ಜೊಂದು ಜೋರಾಗಿ ಗುರುಗುಟ್ಟುತ್ತಿತ್ತು. ಹೊರಗೆ ಬೆವರು ನೀರಾಗಿ ಇಳಿಯುವ ಸೆಖೆ. ಎರಡು ಸೀಸೆ ಇನ್ಸುಲಿನ್, ಪಂಪು ಕೆಟ್ಟರೆ ಕೈಯಿಂದ ಚುಚ್ಚಲು ತುರ್ತಿಗೆಂದು ಇಟ್ಟಿದ್ದ ಎರಡು ಇನ್ಸುಲಿನ್ ಪೆನ್ನುಗಳು, ಎಲ್ಲವನ್ನೂ ಬಿಚ್ಚಿ ಫ್ರಿಜ್ಜಿನ ತೀರ ಹಿಂದಕ್ಕೆ, ಗೋಡೆಗೆ ಒತ್ತಿಕೊಂಡು ಜೋಡಿಸಿದೆ. ಅಲ್ಲಿ ಅತಿ ತಂಪಿರುತ್ತದೆ ಎಂದು ನನಗೆ ಸಮಾಧಾನವಾಯಿತು. ಎಲ್ಲವನ್ನೂ ಒಂದೇ ಕಡೆ ಇಡಬೇಡಿ ಎಂಬ ಮಾತು ಆಗ ನೆನಪಿಗೇ ಬರಲಿಲ್ಲ.

ಮರುದಿನ ಶನಿವಾರ ಸಂತೆ. ಸಮುದ್ರದ ಪಕ್ಕದ ಬೀದಿಯಲ್ಲಿ ಹಳ್ಳಿಗಳಿಂದ ಬಂದ ಮಾಯಾ ಹೆಂಗಸರು ಕಸೂತಿಯ ಕುಪ್ಪಸ ಹಾಕಿಕೊಂಡು ಸೊಪ್ಪು, ಜೋಳದ ತೆನೆ ಮಾರುತ್ತಿದ್ದರು. ಉದ್ದ ಗಡ್ಡದ, ಹುಲ್ಲಿನ ಟೋಪಿಯ ಬಿಳಿಯರಿಬ್ಬರು ಕುದುರೆಗಾಡಿಯಿಂದ ಕಲ್ಲಂಗಡಿ ಇಳಿಸುತ್ತಿದ್ದರು. ಎದುರಿಗೆ ಚೀನಾದವರ ಕಿರಾಣಿ ಅಂಗಡಿ. ಒಬ್ಬಳು ಕಪ್ಪು ಹೆಂಗಸು ಮಾಯಾ ಹೆಂಗಸಿನ ಜೊತೆ ಸ್ಪ್ಯಾನಿಶಿನಲ್ಲಿ ಚೌಕಾಸಿ ಮಾಡಿ, ತಿರುಗಿ ಗೆಳತಿಯ ಜೊತೆ ಗರೀಫುನಾದಲ್ಲಿ ಮಾತಾಡಿ, ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕಳು. ಒಂದು ಮೂಟೆಯ ಹಿಂದೆ ಕೂತಿದ್ದ ಹೆಂಗಸಿನ ಮುಖ ನೋಡಿ ನಾನು ನಿಂತುಬಿಟ್ಟೆ. ನಮ್ಮ ಚಿಕ್ಕಮ್ಮನ ಹಾಗೇ ಇದ್ದಳು. ಅವಳ ಮುಂದೆ ಹಸಿ ಅರಿಶಿನದ ಕೊಂಬಿನ ರಾಶಿ. ಇದಕ್ಕೆ ಏನಂತೀರಿ ಎಂದು ಕೇಳಿದೆ. "ಹಳದಿ ಶುಂಠಿ" ಎಂದಳು ಇಂಗ್ಲಿಷಿನಲ್ಲಿ. ಅರಿಶಿನ, ಹಲ್ದಿ, ಯಾವ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ನೋಡಲು ಇಷ್ಟೆಲ್ಲ ಇದ್ದರೂ ನನ್ನ ಅರ್ಧ ಕಣ್ಣು ಫೋನಿನ ಮೇಲೆ. ಆ ಊರಿನಲ್ಲಿ ನೆಟ್‌ವರ್ಕು ಬಂದು ಬಂದು ಹೋಗುತ್ತಿತ್ತು. ಮಗಳ ಫೋನಿಗೆ ಸೆನ್ಸರಿನ ಸಂಖ್ಯೆ ನೇರವಾಗಿ ಬರುತ್ತಿತ್ತು, ನನ್ನ ಫೋನಿನಲ್ಲಿ ಮಾತ್ರ ಎಷ್ಟೋ ಹೊತ್ತು ಖಾಲಿ ಗೆರೆ. ಹತ್ತು ನಿಮಿಷಕ್ಕೊಮ್ಮೆ "ಎಷ್ಟಿದೆ?" ಎಂದು ಕೇಳುತ್ತಿದ್ದೆ. ಸಂತೆಯ ಕೊನೆಗೆ ಬರುವಷ್ಟರಲ್ಲಿ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯತೊಡಗಿದ್ದಳು.

ಮಧ್ಯಾಹ್ನ ಕರೆಂಟು ಹೋಗಿ ಸಂಜೆ ಬಂತು. ಪಂಪಿನಲ್ಲಿದ್ದ ಇನ್ಸುಲಿನ್ ಮುಗಿಯುತ್ತಾ ಬಂದಿತ್ತು, ಹೊಸದನ್ನು ತುಂಬಲು ರಾತ್ರಿ ಫ್ರಿಜ್ಜಿನಿಂದ ಸೀಸೆ ತೆಗೆದೆ. ಹೊರಗೆಲ್ಲ ತೆಳುವಾದ ಹಿಮದ ಪೊರೆ ಅಂಟಿತ್ತು. ದುಪಟ್ಟಾದಲ್ಲಿ ಒರೆಸಿದೆ. ಒಳಗಿನದು ನೀರಿನಂತೆಯೇ ಇತ್ತು. ತುಂಬಿಸಿ, ಅವಳ ಸೊಂಟಕ್ಕೆ ಪಂಪು ಸಿಕ್ಕಿಸಿದೆ.

ಭಾನುವಾರ ಬೆಳಿಗ್ಗೆ ಗೆಳತಿಯ ಅಣ್ಣನ ಮಕ್ಕಳು ದೋಣಿಯಲ್ಲಿ ಹತ್ತಿರದ ಪುಟ್ಟ ದ್ವೀಪಕ್ಕೆ ಹೊರಟರು. ಮಗಳೂ ಹೊರಟಳು. ತಿಂಡಿಯ ಹೊತ್ತಿಗೆ ನನ್ನ ಫೋನು ಖಾಲಿಯಿತ್ತು.

"ಎಷ್ಟಿದೆ?"

"ಒನ್ ಫಾರ್ಟಿ" ಎಂದಳು, ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾ.

ಗೆಳತಿಯ ಜೊತೆ ನಾನೂ ದೋಣಿ ಹತ್ತಿದೆ. ದಾರಿಯಲ್ಲಿ ಅವಳು ನೀರು ಕುಡಿದಳು. ದ್ವೀಪದಲ್ಲಿ ಮತ್ತೆ ಕುಡಿದಳು, ನನ್ನ ಬಾಟಲಿಯದನ್ನೂ ಕುಡಿದಳು. ಸೆಖೆಗೆ ಎಂದುಕೊಂಡೆ. ಉಳಿದ ಮಕ್ಕಳು ಈಜುತ್ತಿದ್ದಾಗ ಇವಳು ತೆಂಗಿನ ನೆರಳಲ್ಲಿ ಮೊಣಕಾಲು ಮಡಿಸಿ ಕೂತಿದ್ದಳು. ವಾಪಸು ಬರುವಾಗ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿದಳು. ಅಲೆಗೆ ಹೀಗಾಗುತ್ತದೆ ಎಂದು ಗೆಳತಿ ಬೆನ್ನು ನೀವಿದಳು. ಎರಡನೆಯ ಸಲ ವಾಂತಿಯಾದಾಗ ನಾನು ಅವಳ ಮುಖವನ್ನು ಎತ್ತಿ ಹಿಡಿದೆ. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ.

ಆ ವಾಸನೆ ನನಗೆ ಗೊತ್ತು. ಮೂರು ವರ್ಷದ ಹಿಂದೆ, ಕಾಯಿಲೆಯ ಹೆಸರು ಗೊತ್ತಾಗುವ ಹಿಂದಿನ ದಿನ, ಅವಳ ಬಾಯಿ ಹೀಗೇ ನಾರುತ್ತಿತ್ತು. ಇನ್ಸುಲಿನ್ ಇಲ್ಲದೆ ದೇಹ ತನ್ನನ್ನೇ ಸುಟ್ಟುಕೊಳ್ಳತೊಡಗಿದಾಗ ರಕ್ತದಲ್ಲಿ ವಿಷ ಏರುತ್ತದೆ, ಆಗ ಬರುವ ವಾಸನೆ ಅದು.

ಅವಳ ಜೇಬಿನಿಂದ ಫೋನು ತೆಗೆದೆ. ಸಂಖ್ಯೆ ಇರಬೇಕಾದ ಜಾಗದಲ್ಲಿ ಸಂಖ್ಯೆ ಇರಲಿಲ್ಲ. "ಹೈ" ಎಂಬ ಒಂದು ಪದ ಮಾತ್ರ. ಸೆನ್ಸರಿಗೆ ಅಳೆಯಲು ಆಗದಷ್ಟು ಮೇಲೆ ಹೋಗಿತ್ತು.

ದಂಡೆಗೆ ಇನ್ನೂ ಕಾಲು ಗಂಟೆಯ ದಾರಿ. ಪಂಪಿನಲ್ಲಿ ಗುಂಡಿ ಒತ್ತಿ ಹೆಚ್ಚು ಇನ್ಸುಲಿನ್ ಕೊಟ್ಟೆ. ನೀರು, ಆಕಾಶ, ಎಂಜಿನ್ನಿನ ಸದ್ದು. ಇಷ್ಟು ನಿಧಾನವಾಗಿ ಚಲಿಸುವ ವಸ್ತುವನ್ನು ನಾನು ಬೇರೆ ನೋಡಿಲ್ಲ. "ಏನೂ ಆಗಲ್ಲ ಕಣವ್ವ, ಏನೂ ಆಗಲ್ಲ" ಎಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಹೇಳುತ್ತಿದ್ದೆ. ನನ್ನ ಹಲ್ಲುಗಳು ಒಂದಕ್ಕೊಂದು ತಾಗಿ ಶಬ್ದವಾಗುತ್ತಿತ್ತು. ಅದು ಅವಳಿಗೆ ಕೇಳಿಸುತ್ತಿದೆಯೆಂದು ಬಾಯಿ ಮುಚ್ಚಿಕೊಂಡೆ.

ಮನೆ ಸೇರಿ ಫ್ರಿಜ್ಜಿನಿಂದ ಪೆನ್ನು ತೆಗೆದು ಹೊಟ್ಟೆಗೆ ಚುಚ್ಚಿದೆ. ಅರ್ಧ ಗಂಟೆ ಕಾದೆ. ಹೈ. ಮತ್ತೆ ಚುಚ್ಚಿದೆ. ಮತ್ತೆ ಹೈ. ಮೂತ್ರ ಪರೀಕ್ಷೆಯ ಪಟ್ಟಿ ಕಡು ನೇರಳೆಗೆ ತಿರುಗಿತು. ಔಷಧಿ ಕೊಡುತ್ತಿದ್ದೇನೆ, ಆದರೆ ಔಷಧಿ ಎಲ್ಲಿ ಹೋಗುತ್ತಿದೆ? ನಾನೇ ಅಳತೆ ತಪ್ಪುತ್ತಿದ್ದೇನೆಯೇ ಎಂದು ಪೆನ್ನಿನ ಅಂಕಿಗಳನ್ನು ಜೋರಾಗಿ ಓದಿಕೊಂಡೆ.

ಗೆಳತಿ ವರಾಂಡದ ಒಂದು ಮೂಲೆಯಲ್ಲಿ ನೆಟ್‌ವರ್ಕು ಸಿಗುತ್ತದೆ ಎಂದು ನನ್ನನ್ನು ಅಲ್ಲಿ ನಿಲ್ಲಿಸಿದಳು. ಗಂಡ ಅಂದು ಡ್ಯಾನ್‌ವಿಲ್‌ನಲ್ಲಿ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದರು. ಹಿಂದಿನಿಂದ ಗಂಟೆಯ ಸದ್ದು, ಜನರ ಮಾತು ಕೇಳಿಸಿತು.

"ರೀ, ಹೈ ಅಂತಿದೆ. ಇಳೀತಿಲ್ಲ. ಮೂರು ಸಲ ಕೊಟ್ಟೆ, ಇಳೀತಾನೇ ಇಲ್ಲ."

"ತಡಿ, ಡಾಕ್ಟರು ಇಲ್ಲೇ ಇದ್ದಾರೆ, ಕೊಡ್ತೀನಿ" ಎಂದರು. ಆ ಮನೆಯ ಯಜಮಾನರು ಮೈಸೂರಿನವರು, ಮಕ್ಕಳ ಡಾಕ್ಟರು.

"ನಮಸ್ಕಾರಮ್ಮ. ಗಾಬರಿ ಆಗ್ಬೇಡಿ, ನಾನು ಕೇಳಿದ್ದಕ್ಕೆ ಮಾತ್ರ ಹೇಳಿ. ಮಗು ಎಚ್ಚರವಾಗಿದೆಯಾ?"

"ಇದೆ. ಮಂಪರು."

"ಇನ್ಸುಲಿನ್ ಎಲ್ಲಿಟ್ಟಿದ್ರಿ?"

"ಫ್ರಿಜ್ಜಲ್ಲಿ ಸಾರ್. ಬಿಸಿಲಿಗೆ ಇಡಲೇ ಇಲ್ಲ."

"ಹಿಂದುಗಡೆನಾ? ಹೆಪ್ಪುಗಟ್ಟಿತ್ತಾ?"

ದುಪಟ್ಟಾದಲ್ಲಿ ಒರೆಸಿದ ಹಿಮ ನೆನಪಾಯಿತು. ಹಿಂದಿನ ರಾತ್ರಿ ಹೆಪ್ಪುಗಟ್ಟಿದ್ದು ಕರೆಂಟು ಹೋದಾಗ ಕರಗಿ ನೀರಾಗಿತ್ತು, ಕರೆಂಟು ಬಂದ ಮೇಲೆ ಹೊರಗೆ ಮಾತ್ರ ಮತ್ತೆ ಹಿಮ ಕಟ್ಟಿತ್ತು. "ಹೊರಗೆ ಹಿಮ ಇತ್ತು ಸಾರ್" ಎಂದೆ.

"ಅದರ ಶಕ್ತಿ ಹೋಗಿದೆಯಮ್ಮ. ನೀವು ಕೊಡ್ತಾ ಇರೋದು ನೀರಿದ್ದ ಹಾಗೆ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಒಂದು ನಿಮಿಷಾನೂ ಕಾಯ್ಬೇಡಿ."

ಲೈನು ಅಲ್ಲಿಗೇ ಕಡಿಯಿತು.

ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿ, ಒಂದೇ ಅಂತಸ್ತಿನ ಕಟ್ಟಡ. ಗೆಳತಿಯ ಅಣ್ಣ ತನ್ನ ಪಿಕಪ್ಪಿನಲ್ಲಿ ನಮ್ಮನ್ನು ಅಲ್ಲಿಗೆ ಮುಟ್ಟಿಸಿದ. ಕ್ಯೂಬಾದಿಂದ ಬಂದಿದ್ದ ವೈದ್ಯೆಯೊಬ್ಬಳು ಡ್ಯೂಟಿಯಲ್ಲಿದ್ದಳು, ವಯಸ್ಸು ಮೂವತ್ತೂ ದಾಟಿರಲಿಕ್ಕಿಲ್ಲ. ನನ್ನ ಮಾತು ಅರ್ಧ ಕೇಳುವಷ್ಟರಲ್ಲೇ ಮಗಳ ಕೈಗೆ ಸೂಜಿ ಸೇರಿಸಿ ಸಲೈನು ಹಾಕಿಸಿದಳು. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಐನೂರ ಮೂವತ್ತು. ನಂತರ ಅವಳು ಮಾಯಾ ಜನದ ನರ್ಸಿನ ಕಡೆ ತಿರುಗಿ ಏನೋ ಕೇಳಿದಳು. ನರ್ಸು ತಲೆಯಾಡಿಸಿದ ರೀತಿ ನನಗೆ ಹಿಡಿಸಲಿಲ್ಲ.

"ಬೇಗ ಕೆಲಸ ಮಾಡೋ ಇನ್ಸುಲಿನ್ ನಿನ್ನೆ ಇನ್ನೊಬ್ಬ ರೋಗಿಗೆ ಕೊಟ್ಟು ಮುಗಿದುಹೋಗಿದೆ" ಎಂದಳು ವೈದ್ಯೆ, ನನ್ನ ಕಣ್ಣನ್ನೇ ನೋಡುತ್ತಾ. "ನಿಧಾನದ್ದು ಇದೆ. ಅದು ಈಗ ಸಾಲದು. ಮುಂದಿನ ಪಟ್ಟಣದಿಂದ ತರಿಸ್ತೀನಿ, ಆದರೆ ಇವತ್ತು ಭಾನುವಾರ, ಗಾಡಿ ಬರೋದಕ್ಕೆ ನಾಳೆ ಬೆಳಿಗ್ಗೆ ಆಗುತ್ತೆ."

"ನಾಳೆ ತನಕ ಇವಳು..." ಎಂದೆ. ಮಗಳು ಎದೆ ಏರಿಳಿಸಿ, ಓಡಿ ಬಂದವಳಂತೆ ಉಸಿರೆಳೆಯುತ್ತಿದ್ದಳು. ತುಟಿ ಒಣಗಿ ಬಿರಿದಿತ್ತು. ಬೆರ್ರಿಯೆಸಾದಲ್ಲಿ ನಮ್ಮ ಮನೆಯಿಂದ ಔಷಧಿ ಅಂಗಡಿಗೆ ನಡೆದು ಹೋದರೆ ಆರು ನಿಮಿಷ. ಫ್ರಿಜ್ಜಿನಲ್ಲಿ ಇನ್ನೂ ಮೂರು ಸೀಸೆ ಬಿಟ್ಟು ಬಂದಿದ್ದೆ. ಅವು ಕಣ್ಣ ಮುಂದೆ ಬಂದು ನಿಂತವು, ಹಾಲಿನ ಕ್ಯಾನಿನ ಪಕ್ಕ, ಸಾಲಾಗಿ.

ನರ್ಸು ಹೆಚ್ಚು ಮಾತಿನವಳಲ್ಲ. ಒಂದು ಹಳೆಯ ಪುಸ್ತಕ ತೆಗೆದು ಬೆರಳಿಟ್ಟು ನೋಡುತ್ತಾ ಹೋದಳು. ಆ ಊರಿನಲ್ಲಿ ಯಾರು ಯಾರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ ಎಂಬುದು ಅದರಲ್ಲಿತ್ತು. ಎರಡು ಮನೆಗೆ ಫೋನ್ ಮಾಡಿದಳು, ಸಿಗಲಿಲ್ಲ. ಮೂರನೆಯದಕ್ಕೆ ಮಾಡಿ, ಗೆಳತಿಗೆ ಹೇಳಿದಳು: "ಅಕ್ಕಿ ಗಿರಣಿ ಪಕ್ಕದ ಮನೆ. ಅವರ ಹತ್ತಿರ ಸ್ವಲ್ಪ ಇದೆಯಂತೆ. ಮಗೂನ ತಾಯೀನೂ ಬರಲಿ ಅಂದ್ರು."

ಮಗಳನ್ನು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಅಜ್ಜಿ ಅಷ್ಟರಲ್ಲಿ ಹೇಗೋ ಬಂದು ಅವಳ ತಲೆಯ ಬಳಿ ಕೂತಿದ್ದರು. "ಹೋಗು, ನಾನು ಇವಳ ಕೈ ಬಿಡಲ್ಲ" ಎಂದರು.

ಪಿಕಪ್ಪಿನಲ್ಲಿ ಐದು ನಿಮಿಷ. ತಗಡಿನ ಮಾಡಿನ ಮನೆಯ ಮುಂದೆ ಒಬ್ಬ ಮುದುಕರು ಆಗಲೇ ಅಂಗಿಯ ಗುಂಡಿ ಹಾಕಿಕೊಂಡು ನಿಂತಿದ್ದರು. ಬಿಳಿ ಮೀಸೆ, ಕಪ್ಪು ಬಣ್ಣ, ಚೂಪು ಮೂಗು. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದರೆ ಊರ ಕಡೆಯ ಯಾರೋ ದೊಡ್ಡಪ್ಪ ಎಂದುಕೊಳ್ಳುತ್ತಿದ್ದೆ. ನನಗೆ ಗೊತ್ತಿಲ್ಲದೆ ಕನ್ನಡ ಬಂದುಬಿಟ್ಟಿತು.

"ನನ್ನ ಮಗಳನ್ನ ಉಳಿಸ್ಕೊಡಿ ದೊಡ್ಡಪ್ಪ" ಎಂದೆ.

ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಅವರು ಒಂದು ಕ್ಷಣ ನನ್ನನ್ನು ನೋಡಿ, "ಎಷ್ಟು ವಯಸ್ಸು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹನ್ನೊಂದು."

ಅವರು ಒಳಗೆ ಕರೆದುಕೊಂಡು ಹೋದರು. ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಒಂದು ಮಣ್ಣಿನ ಮಡಕೆ, ಬಾಯಿಗೆ ಒದ್ದೆ ಬಟ್ಟೆ. ಅದರೊಳಗಿನ ಡಬ್ಬದಿಂದ ಸೀಸೆಯನ್ನು ತೆಗೆದರು. ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಉಗುರಿನಷ್ಟು ಎತ್ತರಕ್ಕೆ ಇತ್ತು.

"ಫ್ರಿಜ್ಜು ನನಗೂ ಒಂದು ಸಲ ಮೋಸ ಮಾಡಿತ್ತು" ಎಂದರು.

"ಇದು ಕೊಟ್ರೆ ನಿಮಗೆ?"

"ನನ್ನ ಪಾಲು ಮಂಗಳವಾರ ಬರುತ್ತೆ. ಅಲ್ಲೀತನಕ ಅನ್ನ ಬಿಡ್ತೀನಿ." ಅವರು ಸೀಸೆಯನ್ನು ನನ್ನ ಕೈಗೆ ಕೊಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಮೇಲಿನಿಂದ ಅಂಗೈ ಒತ್ತಿ ಹಿಡಿದು ಪಿಕಪ್ ಹತ್ತಿದರು. "ನಾನೇ ಹಿಡ್ಕೊಂಡಿರ್ತೀನಿ" ಎಂದರು.

ವೈದ್ಯೆ ಸೀಸೆಯ ಮೇಲಿನ ಚೀಟಿ ಓದಿ, ದ್ರವವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಸಿರಿಂಜಿಗೆ ಎಳೆದಳು. ಮಗಳ ತೊಡೆಗೆ ಚುಚ್ಚಿದಳು. ಇದು ಹಳೆಯ ಬಗೆಯದು, ಪಂಪಿನಲ್ಲಿ ಹಾಕುವುದರಷ್ಟು ಬೇಗ ಕೆಲಸ ಮಾಡುವುದಿಲ್ಲ, ಒಂದು ಗಂಟೆಯಾದರೂ ಬೇಕು ಎಂದಳು.

ಆ ಒಂದು ಗಂಟೆಯ ಬಗ್ಗೆ ನಾನು ಗಂಡನಿಗೂ ಪೂರ್ತಿ ಹೇಳಿಲ್ಲ. ಮಗಳ ಪಾದವನ್ನು ಹಿಡಿದು ಕೂತಿದ್ದೆ, ಕೈ ಹಿಡಿಯುವ ಜಾಗದಲ್ಲಿ ಅಜ್ಜಿ ಇದ್ದರು. ಅವಳು ಇಲ್ಲದ ಮನೆಗೆ ಬೀಗ ತೆಗೆದು ಒಳಗೆ ಹೋಗುವುದನ್ನು ಮನಸ್ಸು ತಾನಾಗಿ ಚಿತ್ರಿಸತೊಡಗಿತು. ಬಾಗಿಲ ಬಳಿಯ ಜ್ಯೂಸಿನ ಪೊಟ್ಟಣಗಳನ್ನು ಯಾರು ಎತ್ತಿಡುವುದು ಎಂಬಲ್ಲಿಗೆ ಬಂದಾಗ ಎದ್ದು ಹೋಗಿ ನಲ್ಲಿಯ ಕೆಳಗೆ ತಲೆ ಒಡ್ಡಿದೆ. ಮುದುಕರು ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತಿದ್ದರು, ಮನೆಗೆ ಹೋಗಲಿಲ್ಲ.

ನರ್ಸು ಬೆರಳು ಚುಚ್ಚಿದಳು. ಐನೂರ ಇಪ್ಪತ್ತು. ಇದು ಇಳಿಕೆಯೋ ಅಲ್ಲವೋ ಯಾರೂ ಹೇಳಲಿಲ್ಲ. ಅರ್ಧ ಗಂಟೆ ಬಿಟ್ಟು ನಾನೂರ ಎಪ್ಪತ್ತು. ಎರಡನೆಯ ಚುಚ್ಚು. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಾಗ ಮುನ್ನೂರ ತೊಂಬತ್ತು. ಮಗಳ ಉಸಿರಾಟ ನಿಧಾನವಾಯಿತು. ಕಣ್ಣು ತೆರೆದು, "ಅಮ್ಮ, ಕ್ಯಾನ್ ಐ ಹ್ಯಾವ್ ಐಸ್?" ಎಂದಳು. ಗೆಳತಿ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

ಸೀಸೆಯಲ್ಲಿ ಉಳಿದದ್ದನ್ನು ವೈದ್ಯೆ ಎರಡು ಸಿರಿಂಜಿಗೆ ಹಂಚಿದಳು. ಒಂದು ಮಗಳಿಗೆ ರಾತ್ರಿಗೆ, ಇನ್ನೊಂದು ಮುದುಕರಿಗೆ. ಅವರು ತಮ್ಮ ಪಾಲಿನದನ್ನು ಬೆಳಕಿಗೆ ಹಿಡಿದು ನೋಡಿ, ಅದರಲ್ಲೂ ಅರ್ಧ ಮಗುವಿಗೆ ಇರಲಿ ಎಂದರು. ವೈದ್ಯೆ ಒಪ್ಪಲಿಲ್ಲ. ಇಬ್ಬರ ನಡುವೆ ಸಣ್ಣ ವಾದವಾಯಿತು. ನಾನು ನಡುವೆ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ, ಅವರು ಗೆಲ್ಲಲಿ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಒಬ್ಬ ಮುದುಕರ ಔಷಧಿಯನ್ನು ಕಿತ್ತುಕೊಳ್ಳಲು ನಾನು ಸಿದ್ಧಳಿದ್ದೆ. ವೈದ್ಯೆ ಗೆದ್ದಳು.

ಸೋಮವಾರ ಬೆಳಿಗ್ಗೆ ಗಾಡಿ ಬಂತು. ಸಕ್ಕರೆ ಇನ್ನೂರಕ್ಕೆ ಇಳಿದಿತ್ತು. ಮಗಳು ದಿಂಬಿಗೆ ಒರಗಿ ಕೂತು ಅಜ್ಜಿ ಕಳಿಸಿದ್ದ ಮೀನಿನ ತಿಳಿಸಾರು ಕುಡಿಯುತ್ತಿದ್ದಳು. ನಾನು ಅವಳ ಕೂದಲು ಬಿಡಿಸುತ್ತಾ, ನನ್ನದೇ ತಪ್ಪು, ಹಿಮ ನೋಡಿಯೂ ಸುಮ್ಮನಾದೆ ಎಂದೆ.

ಅವಳು ಚಮಚ ಕೆಳಗಿಟ್ಟಳು. ಕಾಲು ಇಂಗ್ಲಿಷು, ಮುಕ್ಕಾಲು ಕನ್ನಡದಲ್ಲಿ, ಬಟ್ಟಲನ್ನೇ ನೋಡುತ್ತಾ ಹೇಳಿದಳು.

"ನಿನ್ನೆ ಬ್ರೇಕ್‌ಫಾಸ್ಟಲ್ಲಿ ಒನ್ ಫಾರ್ಟಿ ಇರ್ಲಿಲ್ಲ. ತ್ರೀ ಟೆನ್ ಇತ್ತು. ಅಲಾರಂ ನಾನೇ ಆಫ್ ಮಾಡ್ದೆ."

"ಯಾಕೆ ಪುಟ್ಟಿ?"

"ಹೇಳಿದ್ರೆ ನಿನ್ನ ಮುಖ ಹೀಗಾಗುತ್ತೆ." ಅವಳು ತನ್ನ ಮುಖವನ್ನು ಬಿಗಿದು, ಕಣ್ಣು ಅಗಲ ಮಾಡಿ ತೋರಿಸಿದಳು. ಅಣಕಿಸಲು ಮಾಡಿದ್ದಲ್ಲ. ಸುಮ್ಮನೆ ನನಗೆ ತೋರಿಸಿದಳು. "ಆಮೇಲೆ ದೋಣಿ ಕ್ಯಾನ್ಸಲ್. ಎಲ್ಲಾ ಕ್ಯಾನ್ಸಲ್. ನಿಂಗೆ ಭಯ ಆಗೋದು ನೋಡೋಕೆ ನಂಗೆ ಆಗಲ್ಲ, ಅಮ್ಮ."

ಬೈಯಬೇಕಿತ್ತೋ ಏನೋ. ಮೂರು ಗಂಟೆಯಷ್ಟು ಮೊದಲೇ ಗೊತ್ತಾಗಿದ್ದರೆ ದೋಣಿಯಲ್ಲಿ ಆ ಕಾಲು ಗಂಟೆ ಇರುತ್ತಿರಲಿಲ್ಲ, ಮುದುಕರ ಸೀಸೆಯೂ ಬೇಕಾಗುತ್ತಿರಲಿಲ್ಲವೇನೋ. ಆದರೆ ಅವಳು ತೋರಿಸಿದ ಆ ಮುಖವನ್ನು ನಾನು ಯಾವ ಕನ್ನಡಿಯಲ್ಲೂ ನೋಡಿರಲಿಲ್ಲ. ಅವಳು ಮೂರು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ನೋಡಿದ್ದಳು.

"ಇನ್ಮೇಲೆ ಹೇಳ್ತೀಯಾ?" ಎಂದೆ.

"ನೀನು ಹಾಗೆ ಮಾಡಲ್ವಾ?"

"ಪ್ರಯತ್ನ ಪಡ್ತೀನಿ" ಎಂದೆ. ಅದಕ್ಕಿಂತ ಹೆಚ್ಚಿನ ಮಾತು ಕೊಡಲು ನನಗೆ ಧೈರ್ಯವಿರಲಿಲ್ಲ.

ಮಧ್ಯಾಹ್ನ ವೈದ್ಯೆ ಹೊಸ ಇನ್ಸುಲಿನ್ ಕೊಟ್ಟು ಮಗಳನ್ನು ಮನೆಗೆ ಕಳಿಸಿದಳು. ಅಂದು ಸಂಜೆ ಅಜ್ಜಿಯ ಹುಟ್ಟುಹಬ್ಬ ನಡೆಯಿತು. ಡೋಲು ಬಡಿದರು, ಹೆಂಗಸರು ಸೊಂಟ ಕುಣಿಸಿದರು. ಮಗಳು ವರಾಂಡದ ಕುರ್ಚಿಯಲ್ಲಿ ಕೂತು ನೋಡಿದಳು. ಮುದುಕರೂ ಬಂದಿದ್ದರು. ಊಟಕ್ಕೆ ಕೂತಾಗ ಅನ್ನ ಬೇಡವೆಂದು ಮೀನು ಮಾತ್ರ ಹಾಕಿಸಿಕೊಂಡರು. ಬಂದ ಗಾಡಿಯಲ್ಲಿ ನಿಮ್ಮದೂ ಇದೆಯಲ್ಲ ಎಂದು ಕೇಳಿದೆ. ಇದೆ, ಆದರೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಕೊಡುವ ದಿನ ನಾಳೆ, ನಾಳೆಯೇ ತಗೋತೀನಿ ಎಂದರು, ಅದೊಂದು ದೊಡ್ಡ ವಿಷಯವೇ ಅಲ್ಲವೆಂಬಂತೆ. ಮಂಗಳವಾರ ನಾನೇ ನಡೆದು ಹೋಗಿ ಅವರ ಮನೆಯ ಮಡಕೆಯಲ್ಲಿ ಹೊಸ ಸೀಸೆ ಇರುವುದನ್ನು ಕಣ್ಣಾರೆ ಕಂಡು ಬಂದೆ. ಬುಧವಾರ ವಿಮಾನ ಹತ್ತಿದೆವು.

ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿನಲ್ಲಿ ಗಂಡ ಮಗಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಫ್ರೀವೇಯಲ್ಲಿ ಅವರು ಯಾವತ್ತಿಗಿಂತ ನಿಧಾನವಾಗಿ ಕಾರು ಓಡಿಸಿದರು. ಇನ್ನು ಐದು ವರ್ಷ ಎಲ್ಲಿಗೂ ಬೇಡ ಎಂದರು.

ಭಯ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಹಣ್ಣಿನ ವಾಸನೆ ಕೆಲವೊಮ್ಮೆ ಗ್ರೋಸರಿಯಲ್ಲಿ ಬಾಳೆಹಣ್ಣಿನ ಮುಂದೆ ನಿಂತಾಗ ಮೂಗಿಗೆ ಬಡಿಯುತ್ತದೆ, ತಳ್ಳುಗಾಡಿಯನ್ನು ಬಿಟ್ಟು ಹೊರಗೆ ಬರುತ್ತೇನೆ. ಶಾಲೆಯಿಂದ ಬಂದ ಮಗಳನ್ನು ಸಂಖ್ಯೆ ಕೇಳುವ ಮೊದಲು ಬೇರೆ ಏನಾದರೂ ಕೇಳಬೇಕೆಂದು ಅಡುಗೆಮನೆಯಲ್ಲಿ ನಿಂತು ಯೋಚಿಸುತ್ತೇನೆ. ಕೆಲವು ದಿನ ನೆನಪಿರುತ್ತದೆ, ಕೆಲವು ದಿನ "ಎಷ್ಟಿದೆ?" ಎಂದೇ ಬಾಯಿಗೆ ಬರುತ್ತದೆ. ಅವಳು ಈಗ ನಿಜವನ್ನೇ ಹೇಳುತ್ತಾಳೆ. ಒಮ್ಮೆ "ಟೂ ನೈಂಟಿ" ಎಂದು ಹೇಳಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ಕುಕ್ಕರಿನ ಕಡೆ ತಿರುಗಿ, "ಸರಿ, ಇನ್ಸುಲಿನ್ ತಗೊಂಡು ಸರಿಮಾಡ್ಕೋ, ಆಮೇಲೆ ಊಟಕ್ಕೆ ಬಾ" ಎಂದೆ. ಕೈಯಲ್ಲಿದ್ದ ಸೌಟು ಸಿಂಕಿಗೆ ಬಿತ್ತು.

ಮೇ ತಿಂಗಳಲ್ಲಿ ಶಾಲೆಯಿಂದ ಮೂರು ದಿನದ ಕ್ಯಾಂಪಿನ ಫಾರ್ಮು ಬಂತು. ಬೆಟ್ಟದ ಮೇಲಿನ ಕಾಡಿನಲ್ಲಿ, ರಾತ್ರಿ ಉಳಿಯುವ ಕ್ಯಾಂಪು. ಆರೋಗ್ಯದ ಪುಟವನ್ನು ನನಗೆ ಕೊಡದೆ ಅವಳೇ ತುಂಬಿಸಿದ್ದಳು. ಯಾವ ಇನ್ಸುಲಿನ್, ಎಷ್ಟು ಸೀಸೆ, ಎಲ್ಲಿ ಎಲ್ಲಿ ಇಡುವುದು, ಯಾವ ಟೀಚರಿನ ಹತ್ತಿರ ಒಂದು, ತನ್ನ ಹತ್ತಿರ ಒಂದು, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ತಾಯಿಯ ಸಹಿಗೆ ಮಾತ್ರ ಜಾಗ ಖಾಲಿ ಬಿಟ್ಟಿದ್ದಳು. ಫಾರ್ಮು ಮೂರು ದಿನ ಮೈಕ್ರೋವೇವಿನ ಮೇಲಿತ್ತು. ನಾಲ್ಕನೆಯ ದಿನ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ನಿಂತಲ್ಲೇ, ಯೋಚಿಸಲು ಹೊತ್ತು ಸಿಗದ ಹಾಗೆ ಸಹಿ ಹಾಕಿದೆ.